ಎರಡು ಪತ್ರಗಳ ನಡುವೆ

ನಮ್ಮ ಚಿಕ್ಕೋಡಿ ಸೀಮೆಯ ವ್ಯವಹಾರದ ಮಾತಿನಲ್ಲಿ ಒಂದು ಗಂಭೀರವಾದ ಶಬ್ದವುಂಟು: ಕುಲಮುಖತ್ಯಾರ ಪತ್ರ. ನನ್ನ ವಿದ್ಯಾರ್ಥಿಗಳನ್ನು ಅದರ ಅರ್ಥ ಕೇಳಿದರೆ, ಕುಲವೆಂದರೆ ವಂಶ, ಮುಖವೆಂದರೆ ಮೋರೆ, ಆದುದರಿಂದ ವಂಶಕ್ಕೆ ಮುಖವಾಗಿ ನಿಲ್ಲುವವನ ಪತ್ರವೆಂದು ಸಲೀಸಾಗಿ ಹೇಳಿಬಿಡುತ್ತಾರೆ. ಅರ್ಥ ಸೊಗಸಾಗಿದೆ, ಆದರೆ ಸರಿಯಲ್ಲ. ಎರಡೂ ಅರಬ್ಬೀ ಮೂಲದ ಶಬ್ದಗಳು. ಮರಾಠಿಯ ಹಾದಿ ಹಿಡಿದು ನಮ್ಮ ಗಡಿಗೆ ಬಂದಿಳಿದವು. ‘ಕುಲ್’ ಎಂದರೆ ಸಮಸ್ತ. ‘ಮುಖ್ತಾರ್’ ಎಂದರೆ ಆಯ್ದುಕೊಂಡವನು. ನನ್ನ ಸಮಸ್ತ ವ್ಯವಹಾರಕ್ಕೆ ನಾನು ಆಯ್ದುಕೊಂಡವನು ಇವನು ಎಂದು ಸಾರುವ ಪತ್ರವದು. ಬೆಂಗಳೂರಿನ ಕಡೆಯವರು ಇದನ್ನೇ ಜನರಲ್ ಪವರ್ ಆಫ್ ಅಟಾರ್ನಿ ಎನ್ನುತ್ತಾರೆ.

ಶಬ್ದದ ಅರ್ಥವನ್ನು ಬಲ್ಲವನು ಪತ್ರದ ಅರ್ಥವನ್ನೂ ಬಲ್ಲನೆಂದು ತಿಳಿಯಬಾರದು. ಈ ಪಾಠವನ್ನು ನಾನು ನನ್ನ ಸೋದರಮಾವಂದಿರ ಮನೆಯಲ್ಲಿ ಕಲಿತೆ. ಅದಕ್ಕೆ ತೆತ್ತ ಬೆಲೆ ಮಾತ್ರ ನನ್ನದಲ್ಲ, ಅವರದು.

ಮಾವಂದಿರು ದೂಧಗಂಗೆಯ ದಂಡೆಯ ಒಂದು ಹಳ್ಳಿಯವರು. ಪ್ರಾಥಮಿಕ ಶಾಲೆಯ ಮುಖ್ಯಾಧ್ಯಾಪಕರಾಗಿ ನಿವೃತ್ತರಾದವರು. ಮೂರು ಎಕರೆ ಕಬ್ಬಿನ ಹೊಲ, ಪಿಂಚಣಿ ಬರುವ ಒಂದು ಬ್ಯಾಂಕಿನ ಖಾತೆ, ನಿವೃತ್ತಿಯ ಕಾಲಕ್ಕೆ ಬಂದ ಹಣದ ಮುದ್ದತು ಠೇವಣಿ, ಇವಿಷ್ಟು ಅವರ ಸಂಪತ್ತು. ಎಲ್ಲವೂ ಅವರೊಬ್ಬರ ಹೆಸರಿನಲ್ಲಿಯೇ. ಮಗ ಪುಣೆಯಲ್ಲಿ ಇಂಜಿನಿಯರು. 2021ರ ಬೇಸಿಗೆಯಲ್ಲಿ ಒಂದು ದಿನ ಮಾವಂದಿರು ನನ್ನನ್ನು ಕರೆಯಿಸಿಕೊಂಡರು.

“ತಮ್ಮಾ, ನೀ ಕನ್ನಡದಾಗ ಎಮ್.ಎ. ಮಾಡಿದಾಂವ. ಹುಡುಗನ ಹೆಸರಿಲೆ ಮುಖತ್ಯಾರ ಪತ್ರ ಮಾಡಬೇಕಂತ ಮಾಡೀನಿ. ಮಾತು ಗಟ್ಟಿಯಾಗಿ ಬರಿ. ನಾಳೆ ನನ್ನ ತಲಿ ನೆಟ್ಟಗ ಇರದಿದ್ರೂ ನಿಮ್ಮ ಮಾಮಿಗೆ ತ್ರಾಸ ಆಗಬಾರದು.”

“ವಕೀಲರಿಗೆ ಒಂದು ಮಾತು ಕೇಳೋಣೇನ್ರಿ ಮಾಮಾ?” ಎಂದೆ.

“ಮನಿಯಾಗ ಪಂಡಿತ ಇದ್ದಾಗ ವಕೀಲ ಯಾಕೋ?” ಎಂದು ಅವರು ನಕ್ಕರು. ನಾನೂ ಉಬ್ಬಿದೆ. ಎರಡು ರಾತ್ರಿ ಕುಳಿತು ಕರಡು ಬರೆದೆ. ಅದರಲ್ಲಿಯ ಒಂದು ವಾಕ್ಯದ ಮೇಲೆ ನನಗೆ ವಿಶೇಷ ಅಭಿಮಾನವಿದ್ದಿತು: ‘ಮುಂದೆ ಎಂದಾದರೂ ನನ್ನ ದೇಹವಾಗಲಿ ಬುದ್ಧಿಯಾಗಲಿ ಸ್ವಾಧೀನ ತಪ್ಪಿದ ಪಕ್ಷದಲ್ಲಿಯೂ ಈ ಅಧಿಕಾರವು ಅಬಾಧಿತವಾಗಿ ಮುಂದುವರೆಯತಕ್ಕದ್ದು.’ ಮಾವಂದಿರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿ ತಲೆದೂಗಿದರು. ಚಿಕ್ಕೋಡಿಯ ನೋಂದಣಿ ಕಚೇರಿಯ ಮುಂದಿನ ಬಾಂಡ್ ರೈಟರರು ಅದನ್ನು ಛಾಪಾ ಕಾಗದಕ್ಕೆ ಇಳಿಸಿದರು, ಯಥಾವಿಧಿ ನೋಂದಣಿಯಾಯಿತು. ಮರಳುವಾಗ ಮಾವಂದಿರು ಎಲ್ಲರಿಗೂ ಚಹಾ ಕುಡಿಸಿದರು. ಮನೆಯ ಭಾರ ಇಳಿಯಿತೆಂಬ ನೆಮ್ಮದಿ ಅವರ ಮುಖದ ಮೇಲಿತ್ತು.

ಎರಡು ವರ್ಷ ಆ ಪತ್ರ ಚೆನ್ನಾಗಿಯೇ ದುಡಿಯಿತು. ಕಬ್ಬಿನ ಬಿಲ್ಲು, ಸೊಸಾಯಟಿಯ ಸಾಲ, ಉತಾರೆಯ ಕೆಲಸ, ಎಲ್ಲವನ್ನೂ ಮಗ ಪುಣೆಯಿಂದ ಬಂದು ಹೋಗಿ ನೋಡಿಕೊಂಡನು. 2023ರ ಮಳೆಗಾಲದಲ್ಲಿ ಮಾವಂದಿರಿಗೆ ಲಕ್ವಾ ಹೊಡೆಯಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ಪ್ರಾಣವೇನೋ ಉಳಿಯಿತು. ಆದರೆ ಅವರು ಯಾರನ್ನೂ ಗುರುತಿಸಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಕಣ್ಣು ತೆರೆದೇ ಇರುತ್ತಿತ್ತು, ನೋಟವಿರಲಿಲ್ಲ.

ಚಿಕಿತ್ಸೆಗೆ ಹಣ ಬೇಕಾಯಿತು. ಮಗನು ಪತ್ರವನ್ನು ಹಿಡಿದು ಠೇವಣಿ ಮುರಿಸಲು ಬ್ಯಾಂಕಿಗೆ ಹೋದನು. ಜೊತೆಗೆ ನಾನೂ ಇದ್ದೆ. ಮ್ಯಾನೇಜರರು ಪತ್ರವನ್ನು ಆದ್ಯಂತ ಓದಿ, “ಗುರುಗಳು ಹೆಂಗದಾರ್ರಿ? ಮಾತು ತಿಳೀತೈತೇನ್ರಿ ಅವರಿಗೆ?” ಎಂದು ಕೇಳಿದರು. ಹುಡುಗ ಸುಳ್ಳಾಡುವವನಲ್ಲ, ಇದ್ದುದನ್ನು ಹೇಳಿದನು. ಮ್ಯಾನೇಜರರು ಪತ್ರವನ್ನು ಮೆಲ್ಲಗೆ ಮಡಚಿ ಮರಳಿ ಕೊಟ್ಟರು. “ಹಂಗಾದ್ರ ಈ ಪತ್ರ ಇನ್ನ ನಡ್ಯಂಗಿಲ್ಲರಿ” ಎಂದರು. ನನ್ನ ಅಭಿಮಾನದ ವಾಕ್ಯವನ್ನು ಬೆರಳಿಟ್ಟು ತೋರಿಸಿದೆ. ಅವರು ಮರುಕದಿಂದ ತಲೆಯಾಡಿಸಿದರೇ ಹೊರತು ಮತ್ತೇನೂ ಹೇಳಲಿಲ್ಲ.

ಆಗ ವಕೀಲರಲ್ಲಿಗೆ ಓಡಿದೆವು. ಎರಡು ವರ್ಷ ಮೊದಲೇ ಹೋಗಬೇಕಾಗಿತ್ತು. ಅವರು ಕಪಾಟಿನಿಂದ 1872ರ ಭಾರತೀಯ ಕರಾರು ಕಾಯಿದೆಯನ್ನು ತೆಗೆದು 201ನೆಯ ಕಲಮನ್ನು ತೋರಿಸಿದರು. ಅಧಿಕಾರ ಕೊಟ್ಟವನಾಗಲಿ ಪಡೆದವನಾಗಲಿ ತೀರಿಕೊಂಡರೆ, ಇಲ್ಲವೆ ಬುದ್ಧಿಸ್ವಾಸ್ಥ್ಯವನ್ನು ಕಳೆದುಕೊಂಡರೆ, ಮುಖತ್ಯಾರಿಕೆ ಅಲ್ಲಿಗೆ ಮುಗಿಯಿತು. ಮುಖತ್ಯಾರನಿಗೆ ಆ ಆಸ್ತಿಯಲ್ಲಿಯೇ ಸ್ವಂತ ಹಿತಸಂಬಂಧವಿದ್ದರೆ 202ನೆಯ ಕಲಮಿನಲ್ಲಿ ವಿನಾಯಿತಿಯುಂಟು. ತಂದೆಯ ಸೇವೆಗಾಗಿ ನಿಂತ ಮಗನಿಗೆ ಅದು ಅನ್ವಯಿಸದು. 209ನೆಯ ಕಲಮಿನಂತೆ, ತನ್ನ ವಶದಲ್ಲಿರುವುದನ್ನು ಹಾಳಾಗದಂತೆ ಕಾಯತಕ್ಕ ಕರ್ತವ್ಯ ಮಾತ್ರ ಅವನ ಮೇಲೆ ಉಳಿಯುತ್ತದೆ. ಕಾಯುವ ಹೊಣೆಯುಂಟು, ವ್ಯವಹರಿಸುವ ಅಧಿಕಾರವಿಲ್ಲ.

“ಮುಖತ್ಯಾರ ಅಂದ್ರ ನೆರಳಿದ್ದಂಗರಿ. ಮನಷ್ಯಾ ತಾನ ಮಾಡಲಿಕ್ಕೆ ಶಕ್ಯ ಇರೂದನ್ನ ಅವನ ನೆರಳು ಮಾಡಬಹುದು. ಮನಷ್ಯಾಗ ಶಕ್ಯ ಇಲ್ಲದ್ದು ನೆರಳಿಗೂ ಇಲ್ಲ. ನೀವು ಕಾಗದದಾಗ ಏನ ಬರದ್ರೂ ಕಾಯಿದೆ ಅದರ ಮ್ಯಾಲೆ ಕೂತಿರ್ತೈತಿ” ಎಂದರು ವಕೀಲರು.

ವಾಚಕರು ಈ ವಿಪರ್ಯಾಸವನ್ನು ಗಮನಿಸಬೇಕು. ಬುದ್ಧಿ ತಪ್ಪಿದ ಕಾಲಕ್ಕೆ ಆಸರೆಯಾಗಲೆಂದು ಮಾಡಿದ ಪತ್ರ, ಬುದ್ಧಿ ತಪ್ಪಿದ ಗಳಿಗೆಯಲ್ಲಿಯೇ ಸತ್ತುಹೋಗುತ್ತದೆ. ಮೃತ್ಯುಪತ್ರವಾದರೋ ಪ್ರಾಣ ಹೋದ ಮೇಲೆಯೇ ಜೀವ ತಳೆಯುತ್ತದೆ. ಬ್ಯಾಂಕಿನಲ್ಲಿ ನಾವು ಬರೆಸುವ ನಾಮಿನಿಯ ಹೆಸರೂ ಅಷ್ಟೆ. ಖಾತೆದಾರರು ಬದುಕಿರುವ ತನಕ ಅದಕ್ಕೆ ಬಾಯಿಲ್ಲ. ಒಂದು ಪತ್ರ ಬುದ್ಧಿಯಿರುವ ತನಕ, ಇನ್ನೊಂದು ಪತ್ರ ಉಸಿರು ನಿಂತ ಮೇಲೆ. ಉಸಿರಿದ್ದು ಬುದ್ಧಿಯಿಲ್ಲದ ಈ ನಡುವಿನ ಕಾಲಕ್ಕೆ ಯಾವ ಪತ್ರ?

ಈ ಕಟ್ಟಳೆಯನ್ನು ನಾವು ಕಲಿತದ್ದು ಇಂಗ್ಲಿಷರಿಂದ. ಅವರಲ್ಲಿಯೂ ಹಿಂದೆ ಹೀಗೆಯೇ ಇದ್ದಿತು. ಅದು ಜನರಿಗೆ ತೊಡಕಾಗುವುದನ್ನು ಕಂಡು 1985ರಲ್ಲಿ ಅವರು ಬುದ್ಧಿ ತಪ್ಪಿದ ಮೇಲೆಯೂ ಬಾಳುವ ಮುಖತ್ಯಾರ ಪತ್ರಕ್ಕೆ ಹೊಸ ಕಾಯಿದೆಯನ್ನು ಮಾಡಿದರು. 2005ರ ಮಾನಸಿಕ ಸಾಮರ್ಥ್ಯದ ಕಾಯಿದೆ 2007ರ ಅಕ್ಟೋಬರದಲ್ಲಿ ಜಾರಿಗೆ ಬಂದು ಅದನ್ನು ಇನ್ನೂ ತಿದ್ದಿತು. ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ಈಗ ಹಣಕಾಸಿಗೆ ಒಂದು, ಆರೋಗ್ಯಕ್ಕೆ ಒಂದು, ಹೀಗೆ ಎರಡು ಬಗೆಯ ಪತ್ರಗಳಿವೆ. ಅವುಗಳನ್ನು ನೋಂದಾಯಿಸಲು ಪ್ರತ್ಯೇಕ ಕಚೇರಿಯುಂಟು, ದುರುಪಯೋಗವಾದರೆ ವಿಚಾರಿಸಲು ನ್ಯಾಯಾಲಯವುಂಟು. ಕಲಿಸಿದ ಗುರು ಪಾಠವನ್ನು ಬದಲಿಸಿಕೊಂಡನು. ಶಿಷ್ಯನು ಮಾತ್ರ 1872ರ ಪಾಠವನ್ನೇ ಇಂದಿಗೂ ಒಪ್ಪಿಸುತ್ತಿದ್ದಾನೆ. ಅಲ್ಲಿ ನೆಲೆಸಿದ ಮಕ್ಕಳು ‘ಅಪ್ಪಾ, ನೀವೂ ಅಂಥದೊಂದು ಪತ್ರ ಮಾಡಿಡಿರಿ’ ಎಂದು ಊರಿಗೆ ಹೇಳಿಕಳುಹಿಸುವುದುಂಟು. ಆ ಹೆಸರಿನ ಪತ್ರಕ್ಕೆ ಇಲ್ಲಿ ಆ ಬಲವಿಲ್ಲವೆಂಬುದನ್ನು ಅವರೂ ಅರಿಯಬೇಕು.

ಕಾಯಿದೆಯನ್ನು ಬರಿದೇ ಹಳಿಯುವುದೂ ಸರಿಯಲ್ಲ. ಅಧಿಕಾರ ಕೊಟ್ಟವನಿಗೆ ಎಚ್ಚರವಿದ್ದರೆ ತಪ್ಪಿದವನನ್ನು ತಡೆದು ಕೇಳುತ್ತಾನೆ, ಪತ್ರವನ್ನು ರದ್ದುಮಾಡುತ್ತಾನೆ. ಎಚ್ಚರವಿಲ್ಲದವನ ಆಸ್ತಿಯನ್ನು ಬರಿಯ ನಂಬಿಗೆಯ ಮೇಲೆ ಬಿಡುವುದು ಹೇಗೆ? ನಮ್ಮ ಮಾವಂದಿರ ಮಗ ಪ್ರಾಮಾಣಿಕ. ಎಲ್ಲರ ಮಕ್ಕಳೂ ಹಾಗಿರರು. ಆದುದರಿಂದ ಕಾಯಿದೆ ಬದಲಾಗುವುದಾದರೆ ಅಧಿಕಾರದ ಜೊತೆಗೆ ಕಾವಲೂ ಬರಬೇಕು.

ಹಾಗಾದರೆ ಇಂದು ದಾರಿಯೇನು? ಉಚ್ಚ ನ್ಯಾಯಾಲಯಕ್ಕೆ ಹೋಗಿ ಪಾಲಕರನ್ನು ನೇಮಿಸಿರೆಂದು ಬೇಡುವುದು. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಬುದ್ಧಿ ತಪ್ಪಿದವರ ಆಸ್ತಿಗೆ ಜಿಲ್ಲಾ ನ್ಯಾಯಾಲಯ ವ್ಯವಸ್ಥಾಪಕರನ್ನು ನೇಮಿಸುವ ವಿಧಿಯಿದ್ದಿತು. ಅದನ್ನು ರದ್ದುಪಡಿಸಿ ಬಂದ 2017ರ ಕಾಯಿದೆ ರೋಗಿಯ ಹಕ್ಕುಗಳನ್ನು ಹೆಚ್ಚಿಸಿತು. ಆಸ್ತಿಯ ವಿಷಯದಲ್ಲಿ ಮಾತ್ರ ಮೌನ ತಾಳಿತು. ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯಲ್ಲಿ ಸೀಮಿತ ಪಾಲಕತ್ವವುಂಟು. ಆದರೆ ಅದು ಇಬ್ಬರೂ ಕೂಡಿ ವಿಚಾರಿಸಿ ನಿರ್ಧರಿಸುವ ಏರ್ಪಾಡು. ಮಾತೇ ನಿಂತುಹೋದವರಿಗಾಗಿ ಪ್ರತ್ಯೇಕ ಕಾನೂನಿಲ್ಲವೆಂಬುದನ್ನು ಕಂಡು ಕೇರಳದ ಉಚ್ಚ ನ್ಯಾಯಾಲಯ 2019ರಲ್ಲಿ ತಾನೇ ಕೆಲವು ನಿಯಮಗಳನ್ನು ಹಾಕಿಕೊಟ್ಟಿತು: ಆಸ್ತಿಯ ವಿವರ ಸಲ್ಲಿಸಬೇಕು, ವೈದ್ಯ ಮಂಡಳಿ ರೋಗಿಯನ್ನು ಪರೀಕ್ಷಿಸಬೇಕು, ಕಂದಾಯ ಅಧಿಕಾರಿ ಕಂಡು ಬರೆಯಬೇಕು, ನೇಮಕಗೊಂಡ ಪಾಲಕರು ಕಾಲಕಾಲಕ್ಕೆ ಲೆಕ್ಕ ಒಪ್ಪಿಸಬೇಕು. ನಮ್ಮ ವಕೀಲರೂ ಧಾರವಾಡ ಪೀಠಕ್ಕೆ ಅರ್ಜಿಯನ್ನು ಸಿದ್ಧಪಡಿಸಲು ತೊಡಗಿದರು. ವೈದ್ಯರ ದೃಢೀಕರಣ, ವಾರಸುದಾರರ ಒಪ್ಪಿಗೆ, ಉತಾರೆಗಳು, ಒಂದೊಂದೇ ಕೂಡಿಬರಲು ವಾರಗಳು ಕಳೆದವು.

ಆ ದಿನಗಳಲ್ಲಿ ನೆರೆಮನೆಯ ಹಿರಿಯರೊಬ್ಬರು ಒಂದು ಉಪಾಯ ಹೇಳಿದರು: “ಇಷ್ಟ್ಯಾಕ ಒದ್ದಾಡ್ತೀರಿ? ಕೈ ಹಿಡದು ಒಂದು ಹೆಬ್ಬಟ್ಟು ಒತ್ತಿಸಿಬಿಡ್ರಿ. ಯಾರ ಕೇಳ್ತಾರ?”

ಮಾಮಿ ಒಳಗಿನಿಂದ ಬಂದರು. “ಮೂವತ್ತ ವರ್ಷ ಹುಡುಗರಿಗೆ ಕೈ ಹಿಡದು ಅಕ್ಷರಾ ತಿದ್ದಿಸ್ಯಾರ. ಈಗ ಅವರ ಕೈ ಹಿಡದು ನಾವು ಸುಳ್ಳು ಬರಸೂದು ಬ್ಯಾಡ” ಎಂದರು. ಮರುದಿನ ಕೈಯಲ್ಲಿದ್ದ ಪಾಟಲಿಗಳನ್ನು ಬಿಚ್ಚಿ ಮಗನ ಕೈಗಿತ್ತರು. ಆಸ್ಪತ್ರೆಯ ಖರ್ಚು ಅದರಿಂದ ನಡೆಯಿತು.

ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದು ಮಾವಂದಿರು ತೀರಿಕೊಂಡರು. ಅರ್ಜಿ ಇನ್ನೂ ವಿಚಾರಣೆಗೆ ಬಂದಿರಲಿಲ್ಲ. ಮಾಮಿ ನಾಮಿನಿಯಾಗಿದ್ದರು, ಮರಣದ ದಾಖಲೆ ಕೊಟ್ಟೊಡನೆ ಠೇವಣಿಯ ಹಣವೂ, ಆ ನಾಲ್ಕು ತಿಂಗಳು ಖಾತೆಯಲ್ಲಿ ಸುಮ್ಮನೆ ಬಿದ್ದಿದ್ದ ಪಿಂಚಣಿಯೂ ಅವರ ಕೈಸೇರಿದವು. ಬದುಕಿದ್ದಾಗ ಅವರದೇ ಔಷಧಕ್ಕೆ ದಕ್ಕದ ಹಣ, ಸತ್ತ ಮೇಲೆ ತಡವಿಲ್ಲದೆ ಬಂದಿತು.

ಹಣದ ಮಾತು ಹೀಗಾದರೆ, ದೇಹದ ಮಾತು ಇದಕ್ಕಿಂತ ದೊಡ್ಡದು. ಮಾತಾಡಲಾರದವರ ಪರವಾಗಿ ಮಾತಾಡತಕ್ಕವರು ಯಾರು? ಈ ಪ್ರಶ್ನೆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತದ್ದು ಒಬ್ಬ ಕನ್ನಡ ನಾಡಿನ ಹೆಣ್ಣುಮಗಳಿಂದ. ಹೊನ್ನಾವರ ತಾಲೂಕಿನ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ, 1973ರ ನವೆಂಬರ 27ರಂದು ಒಬ್ಬ ನೀಚನ ಹಲ್ಲೆಗೆ ಗುರಿಯಾಗಿ ಎಚ್ಚರ ಕಳೆದುಕೊಂಡರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ ನಲವತ್ತೊಂದು ವರ್ಷಕ್ಕೂ ಮಿಕ್ಕು ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರನ್ನು ಮುಕ್ತಗೊಳಿಸಬೇಕೆಂದು ಅವರ ಜೀವನಚರಿತ್ರೆ ಬರೆದ ಲೇಖಕಿ ಪಿಂಕಿ ವಿರಾಣಿಯವರು ಕೇಳಿದರು. ಉಪಚರಿಸುತ್ತಿದ್ದ ದಾದಿಯರೂ ವೈದ್ಯರೂ ಕೂಡದೆಂದರು. 2011ರ ಮಾರ್ಚ 7ರಂದು ನ್ಯಾಯಾಲಯ, ಇಷ್ಟು ವರ್ಷ ಕೈಯಾರೆ ಸಲಹಿದ ಆಸ್ಪತ್ರೆಯವರೇ ಆಕೆಯ ಪರವಾಗಿ ಮಾತಾಡತಕ್ಕವರೆಂದು ತೀರ್ಪಿತ್ತಿತು. ಎರಡು ಪಕ್ಷದವರೂ ಪ್ರೀತಿಯಿಂದಲೇ ನುಡಿದರು. ಆದರೆ ಅರುಣಾ ಅವರ ಇಚ್ಛೆ ಏನಿದ್ದೀತೆಂಬುದು ಯಾರಿಗೂ ತಿಳಿಯಲಿಲ್ಲ. ಇಪ್ಪತ್ತೈದರ ಪ್ರಾಯದಲ್ಲಿ ಅಂಥ ಮಾತನ್ನು ಯಾರು ಬರೆದಿಡುತ್ತಾರೆ?

ಬರೆದಿಡುವ ದಾರಿ ಮುಂದೆ ತೆರೆಯಿತು. ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ಯಂತ್ರಗಳ ಮೂಲಕ ಉಸಿರು ಹಿಡಿದಿಡುವುದು ತನಗೆ ಬೇಕೋ ಬೇಡವೋ ಎಂಬುದನ್ನು ಎಚ್ಚರವಿದ್ದಾಗಲೇ ಬರೆದಿಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚ 9ರಂದು ಒಪ್ಪಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸುಲಭಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿಮಾಡಿ, ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತನ್ನ ಪರವಾಗಿ ಒಪ್ಪಿಗೆ ಹೇಳತಕ್ಕವರ ಹೆಸರನ್ನು ಅದರಲ್ಲಿ ಬರೆಯಬೇಕು. ಅವರಿಗೂ, ಮನೆಯ ವೈದ್ಯರಿದ್ದರೆ ಅವರಿಗೂ, ಪಂಚಾಯತಿ ಅಥವಾ ಪುರಸಭೆಯ ಅಧಿಕಾರಿಗೂ ಪ್ರತಿ ಕೊಡಬೇಕು. ಇದನ್ನು ಕಾರ್ಯರೂಪಕ್ಕೆ ತರಲು ನಮ್ಮ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಮನೋರೋಗದ ಚಿಕಿತ್ಸೆಯ ಮಟ್ಟಿಗೆ 2017ರ ಕಾಯಿದೆಯೂ ಮುಂಗಡ ನಿರ್ದೇಶನ ಬರೆಯಲು, ನಂಬಿದವರೊಬ್ಬರನ್ನು ಪ್ರತಿನಿಧಿಯಾಗಿ ಹೆಸರಿಸಲು ಹಕ್ಕು ಕೊಟ್ಟಿದೆ. ಈ ಪತ್ರಗಳು ಹಣಕಾಸಿಗೆ ಸಲ್ಲವು; ಆದರೆ ನಡುವಿನ ಕಾಲಕ್ಕೆಂದು ನಮ್ಮ ದೇಶದಲ್ಲಿ ಬಾಯಿ ತೆರೆಯುವ ಪತ್ರಗಳು ಸದ್ಯಕ್ಕೆ ಇವೇ.

ಹಣದ ವಿಷಯದಲ್ಲಿ ಮನೆಯವರು ಮಾಡಿಕೊಳ್ಳಬಹುದಾದ ಕೆಲವು ಸಣ್ಣ ಏರ್ಪಾಡುಗಳನ್ನು ವಕೀಲರ ಬಾಯಿಂದ ಕೇಳಿದಂತೆ ಹೇಳುತ್ತೇನೆ. ಮೊದಲನೆಯದು, ಗಂಡನ ಖಾತೆಯಲ್ಲಿ ಹೆಂಡತಿಯ ಹೆಸರನ್ನೂ, ಹೆಂಡತಿಯ ಖಾತೆಯಲ್ಲಿ ಗಂಡನ ಹೆಸರನ್ನೂ ಸೇರಿಸಿ, ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದೆಂದು ಬರೆಸುವುದು. ಮುದ್ದತು ಠೇವಣಿಯಾದರೆ ಜಂಟಿ ಹೆಸರಷ್ಟೇ ಸಾಲದು. ಅವಧಿಗೆ ಮುಂಚೆ ಒಬ್ಬರೇ ಮುರಿಸಬಹುದೇ ಎಂಬುದನ್ನು ಇಡುವಾಗಲೇ ಕೇಳಿ ಬರೆಸಿಕೊಳ್ಳಬೇಕು. ಮಾವಂದಿರು ಇದೊಂದನ್ನು ಮಾಡಿದ್ದರೆ ಮಾಮಿಯ ಪಾಟಲಿ ಉಳಿಯುತ್ತಿದ್ದವು.

ಎರಡನೆಯದು, ಮುಖತ್ಯಾರ ಪತ್ರವನ್ನು ಬೇಡವೆನ್ನದಿರಿ. ಕಾಲು ಸೋತು ಬುದ್ಧಿ ಚುರುಕಾಗಿರುವ ವೃದ್ಧರಿಗೆ ಅದು ನಿಜವಾದ ಊರುಗೋಲು. ಅದರ ಮಿತಿಯನ್ನು ತಿಳಿದು ಮಾಡಿರಿ. ನಡೆಯಲಾರದವರಿದ್ದರೆ ನೋಂದಣಿ ಅಧಿಕಾರಿ ಮನೆಗೇ ಬಂದು ನೋಂದಾಯಿಸಲು 1908ರ ನೋಂದಣಿ ಕಾಯಿದೆಯಲ್ಲಿ ಅವಕಾಶವುಂಟು. ಸಹಿ ಮಾಡಲಾರದೆ ತಿಳಿವಳಿಕೆ ಇದ್ದವರ ಹೆಬ್ಬೆರಳ ಗುರುತನ್ನು, ಬ್ಯಾಂಕಿನ ಜವಾಬ್ದಾರ ಅಧಿಕಾರಿಯೊಬ್ಬರೂ ಸೇರಿದಂತೆ ಇಬ್ಬರು ಸಾಕ್ಷಿಗಳ ಸಮಕ್ಷಮ ತೆಗೆದುಕೊಂಡು ಹಣ ಕೊಡಲು ರಿಸರ್ವ್ ಬ್ಯಾಂಕಿನ ಸೂಚನೆಯೂ ಇದೆ. ನೆರೆಮನೆಯ ಹಿರಿಯರು ಹೇಳಿದ ಹೆಬ್ಬಟ್ಟಿಗೂ ಇದಕ್ಕೂ ಇರುವ ಅಂತರ ಒಂದೇ: ಬೆರಳಿನ ಹಿಂದೆ ಮನಸ್ಸು ಇರಬೇಕು.

ಮೂರನೆಯದು, ಆಸ್ತಿ ಹೆಚ್ಚಿದ್ದವರು 1882ರ ನ್ಯಾಸ ಕಾಯಿದೆಯಂತೆ ಖಾಸಗಿ ಟ್ರಸ್ಟನ್ನು ರಚಿಸಬಹುದು. ಟ್ರಸ್ಟಿಯು ಯಾರ ನೆರಳೂ ಅಲ್ಲ. ಮಾಡಿದವರ ಬುದ್ಧಿ ತಪ್ಪಿದರೂ ಅವನ ಅಧಿಕಾರ ತಪ್ಪದು. ಖರ್ಚಿನ ಕೆಲಸ, ವಕೀಲರಿಲ್ಲದೆ ಮಾಡತಕ್ಕದ್ದಲ್ಲ. ಈ ಭಯಕ್ಕೆಲ್ಲ ಅಂಜಿ ಇದ್ದುದನ್ನು ಈಗಲೇ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಬಿಡುವವರೂ ಉಂಟು. ಹಾಗೆ ಮಾಡುವುದಾದರೆ, ನಮ್ಮನ್ನು ಪಾಲಿಸಿ ಪೋಷಿಸತಕ್ಕದ್ದೆಂಬ ಕರಾರನ್ನು ಅದರಲ್ಲಿಯೇ ಸ್ಪಷ್ಟವಾಗಿ ಬರೆಸಬೇಕು. ಆಗ ಹಿರಿಯ ನಾಗರಿಕರ 2007ರ ಕಾಯಿದೆಯ 23ನೆಯ ಕಲಮು ಅವರ ಬೆನ್ನಿಗೆ ನಿಲ್ಲುತ್ತದೆ.

ಕೊನೆಯದು, ಹೊತ್ತು ಮೀರಗೊಡಬೇಡಿರಿ. ಮರೆವು ತೊಡಗಿದ ಮಾತ್ರಕ್ಕೆ ಯಾರೂ ಬುದ್ಧಿಹೀನರಾಗುವುದಿಲ್ಲ. ಮಾಡುವ ಕೆಲಸವೇನೆಂದು ತಿಳಿದು, ಅದರ ಹಿತಾಹಿತ ತೂಗಬಲ್ಲವರಾಗಿದ್ದರೆ ಕಾಯಿದೆಗೆ ಅಷ್ಟು ಸಾಕು. ವೈದ್ಯರ ಒಂದು ದೃಢೀಕರಣ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಮಾವಂದಿರ ಹದಿಮೂರನೆಯ ದಿನ ಮುಗಿದ ಮೇಲೆ ಮಾಮಿ ಟ್ರಂಕಿನಿಂದ ಒಂದು ಲಕೋಟೆಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅದರಲ್ಲಿ ನಾನು ಬರೆದ ಕರಡು ಇತ್ತು. “ಅಕ್ಷರಾ ಚಂದ ಅದಾವಂತ ಜ್ವಾಕಿ ಮಾಡಿ ಇಟ್ಟಿದ್ರು” ಎಂದರು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮನೆಗೆ ಬಂದ ವಾರದಲ್ಲಿಯೇ ನಾನೂ ನನ್ನ ಹೆಂಡತಿಯೂ ಬ್ಯಾಂಕಿಗೆ ಹೋಗಿ ನಮ್ಮ ಖಾತೆಗಳನ್ನು ಜಂಟಿ ಮಾಡಿಸಿದೆವು. ನಮಗಿನ್ನೂ ನಲವತ್ತು ತುಂಬಿಲ್ಲ. ಗುಮಾಸ್ತರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬರುವ ರವಿವಾರ ಊಟವಾದ ಮೇಲೆ ವಾಚಕರೂ ಮನೆಮಂದಿಯನ್ನು ಕೂಡಿಸಿಕೊಂಡು, ಯಾವ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನೊಮ್ಮೆ ನೋಡಲಿ. ಅಪಶಕುನವೆಂದು ಯಾರಾದರೂ ಎದ್ದುಹೋದರೆ ಹೋಗಲಿ. ಉಳಿದವರು ಆ ಮಾತನ್ನು ಮುಗಿಸಿಯೇ ಏಳಬೇಕು.